ಹೋದ ಗಾಳಿಗೆ ಮರಳುವ ದಾರಿ ಕೇಳಿದವರು

ಥಂಡರ್ ಬೇ ಊರಿನ ಮನೆಗಳಿಗೆ ಬಿಸಿಗಾಳಿ ಹರಿಸುವ ಕಸುಬಿನಲ್ಲಿ ಮೂವತ್ತೆಂಟು ವರ್ಷ ದುಡಿದು ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ಐಲಿ ಕೊರ್ಪೆಲಾ ಅವರಷ್ಟು ಗಾಳಿಯ ನಡೆ ಬಲ್ಲವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಅವರ ಈ ಬೀಳ್ಕೊಡುಗೆ ಸಂಪುಟದಲ್ಲಿ ಎಲ್ಲರೂ ಹಾಗೆಂದೇ ಬರೆದಿದ್ದಾರೆ. ಹನ್ನೊಂದು ವರ್ಷದ ಹಿಂದೆ ತಾವೇ ಅವರನ್ನು ಏನೆಂದಿದ್ದರೆಂಬುದನ್ನು ಮಾತ್ರ ಯಾರೂ ಬರೆದಿಲ್ಲ. ನಾನು ಬರೆಯುತ್ತೇನೆ, ಸಿಟ್ಟಿನಿಂದಲೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ತಗಡು ತಾಗಿ ನನ್ನ ಅಂಗೈ ಸೀಳಿದಾಗ, ವಾರವಿಡೀ ನನ್ನ ಪಾಲಿನ ತಗಡನ್ನೂ ತಾವೇ ಕತ್ತರಿಸಿ ಯಾರಿಗೂ ಹೇಳದೆ ಉಳಿದವರು ಅವರು.

ನಮ್ಮ ಕಂಪನಿ ಬಿಸಿಗಾಳಿಯ ಕೊಳವೆ ಹಾಕಿದ್ದ ಹೊಸ ಬಡಾವಣೆಯಲ್ಲಿ ಶಾಲಾ ಬಸ್ ಓಡಿಸುವ ಮಾರ್ಲೀನ್ ಗೂಲೆ ಎಂಬವರ ಮನೆಯಿತ್ತು. ಬಾಗಿಲು ಮುಚ್ಚಿದರೆ ಮಲಗುವ ಕೋಣೆ ತಣ್ಣಗೆ. ಮಗಳಿಗೆ ದಿನವೂ ತಲೆನೋವು. ಐಲಿ ಅವರು ನನ್ನನ್ನೂ ಕರೆದೊಯ್ದು, ಕೋಣೆಗಳ ಬಾಗಿಲು ಮುಚ್ಚಿಸಿ, ಬಿಸಿಗಾಳಿ ಊದುವ ಫರ್ನೇಸ್ ಹಚ್ಚಿಸಿ, ನೆಲಮಾಳಿಗೆಯ ನೀರು ಕಾಯಿಸುವ ಗ್ಯಾಸ್ ಹಂಡೆಯ ಹೊಗೆಕೊಳವೆಯ ಬಳಿ ಕಡ್ಡಿ ಗೀರಿ ಆರಿಸಿದರು. ಮೇಲೇರಬೇಕಾದ ಹೊಗೆ ನಮ್ಮ ಮುಖಕ್ಕೇ ಬಂತು.

"ನೋಡು ಡೇಲ್, ಕೋಣೆಗೆ ಗಾಳಿ ತಳ್ತಿದ್ದೀವಿ, ವಾಪಸ್ ಬರೋಕೆ ದಾರೀನೇ ಇಟ್ಟಿಲ್ಲ. ಅದಕ್ಕೇ ಮನೆ ಹೊಗೆಕೊಳವೆಯಿಂದ ಉಸಿರು ಎಳೀತಿದೆ. ವಿಷ ಇದು."

ಬಡಾವಣೆಯ ನಲವತ್ತೆರಡು ಮನೆಗಳನ್ನೂ ಪರೀಕ್ಷಿಸಬೇಕೆಂದು ಅವರು ಹಟ ಹಿಡಿದರು. ಮ್ಯಾನೇಜರ್ ನಕ್ಕ: "ಬಾಗಿಲು ತೆಗೆದಿಟ್ಕೊಂಡ್ರೆ ಆಯ್ತಪ್ಪ! ಹೆಂಗಸರಿಗೆ ಎಲ್ಲದಕ್ಕೂ ಭಯ."

"ನಿಮ್ಮ ಮಗಳನ್ನ ಆ ಕೋಣೇಲಿ ಬಾಗಿಲು ಹಾಕಿ ಮಲಗಿಸ್ತೀರಾ? ಹೂಂ ಅನ್ನಿ, ಈಗಲೇ ಎದ್ದು ಹೋಗ್ತೀನಿ."

ಅವನು ಅವರನ್ನು ಗೋದಾಮಿನ ಕೆಲಸಕ್ಕೆ ಹಾಕಿದ. ಅವರನ್ನು ಒಳಗೆ ಬಿಡಬೇಡಿ ಎಂದು ಮನೆಮನೆಗೆ ಪತ್ರ ಕಳಿಸಿದ. ಆ ಪತ್ರ ಹಂಚಿದವನು ನಾನು. ಕೆಲಸ ಹೋದೀತೆಂಬ ಹೇಡಿತನ, ಬೇರೇನಲ್ಲ. ಈ ಸಂಪುಟದಲ್ಲಿ ಹೊಗಳಿದವರೆಲ್ಲ ಆಗ ಮ್ಯಾನೇಜರನ ಮಾತನ್ನೇ ಆಡಿ ನಕ್ಕವರು.

ಐಲಿ ಅವರು ಸುಮ್ಮನಿರಲಿಲ್ಲ. ಪ್ರತಿ ಶನಿವಾರ ಬಾಗಿಲು ತಟ್ಟಿ, ಒಪ್ಪಿದ ಮನೆಗಳಲ್ಲಿ ಬಾಗಿಲ ಮೇಲಿನ ಹಲಗೆ ಗೋಡೆಯನ್ನು ಗರಗಸದಿಂದ ಕೊಯ್ದು, ಗಾಳಿ ಮರಳಲು ಜಾಲರಿ ಕೂರಿಸಿದರು. ಪತ್ರ ನಂಬಿ ಅವರನ್ನು ಹೊರಗಿನಿಂದಲೇ ಕಳಿಸಿದ ಒಂದು ಮನೆಯಿಂದ ಜನವರಿಯಲ್ಲಿ ಆ ವಿಷಗಾಳಿಗೆ ಎಚ್ಚರ ತಪ್ಪಿದ್ದ ಗಂಡಹೆಂಡತಿಯನ್ನು ಆಸ್ಪತ್ರೆಗೆ ಹೊತ್ತೊಯ್ದರು. ಇಬ್ಬರೂ ಬದುಕಿದರು, ಆ ಮನುಷ್ಯ ಇಂದಿಗೂ ಹೆಂಡತಿಯ ಹೆಸರಿಗಾಗಿ ತಡಕಾಡುತ್ತಾನೆ. ಆಮೇಲೆ ಉಳಿದ ಮನೆಗಳೆಲ್ಲ ಮೂರೇ ವಾರದಲ್ಲಿ ದುರಸ್ತಿಯಾದವು! ಕ್ಷಮೆ ಕೇಳಲು ಹೋದ ನನಗೆ ಐಲಿ ಅವರು ಅಂದದ್ದಿಷ್ಟೇ: "ಮಾತು ಸಾಕು. ಗರಗಸ ಹಿಡ್ಕೊ."

ಅವರು ನೂರು ವರ್ಷ ಗಟ್ಟಿಯಾಗಿ ಬಾಳಲಿ. ಸೆಪ್ಟೆಂಬರಿನಿಂದ ಕಾಲೇಜಿನಲ್ಲಿ ಈ ಕಸುಬಿನ ಪಾಠ ಹೇಳಲಿದ್ದಾರೆ. ಮೊದಲ ತರಗತಿಗೆ ನಾವೆಲ್ಲ, ಈ ಸಂಪುಟದ ಸಂಪಾದಕರೂ ಸೇರಿ, ಹೋಗಿ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರೋಣ.