ಬಹಳ ಸಂತೋಷದ ಬೆನಕಪ್ಪ

ಶಿವನಿ ಕಡೆಯ ಹಳ್ಳಿಗಳಲ್ಲಿ ಕುಷ್ಠರೋಗದ ತಪಾಸಣೆಗೆಂದು ಸೈಕಲ್ಲಿನಲ್ಲಿ ತಿರುಗುವ ಬೆನಕಪ್ಪನಿಗೆ ಊರವರ ನೋವೆಂದರೆ ಹಬ್ಬ. ಜಗಲಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಮೈಮೇಲಿನ ಮಾಸಲು ಮಚ್ಚೆಗೆ ಮೊದಲು ಕೋಳಿಪುಕ್ಕ ಸವರುತ್ತಾನೆ, ಆಮೇಲೆ ಗುಂಡುಸೂಜಿ ತಾಗಿಸುತ್ತಾನೆ. ಕೂತವರು "ಅಯ್ಯಪ್ಪಾ" ಅಂದರೆ ಸಾಕು, ಮುಖವರಳಿಸಿ "ಬಹಳ ಸಂತೋಷ" ಅನ್ನುತ್ತಾನೆ. ಕಾಲಿನ ಗಾಯ ಊದಿಕೊಂಡು ಜ್ವರ ಬಂದಿದೆಯೆಂದು ನರಳುತ್ತಿದ್ದ ಬುಕ್ಕಾಂಬುಧಿಯ ಕಲ್ಲೇಶಪ್ಪನಿಗೂ, "ಮೈ ತಾನೇ ಕಾದಾಡ್ತಾ ಅದೆ ಕಣ್ರೀ, ಬಹಳ ಸಂತೋಷ. ಈಗ ಆಸ್ಪತ್ರೆಗೆ ನಡೀರಿ" ಅಂದು ಬೈಸಿಕೊಂಡಿದ್ದ. ಚೇಳು ಕುಟುಕಿದವರ ಮನೆಗೆ ಮಾತ್ರ ಅವನನ್ನು ಯಾರೂ ಕರೆಯುವುದಿಲ್ಲ. ಸಂಜೆ ಬೆಳಕಿರುವಾಗಲೇ ಮನೆಗೆ ಬಂದವನ ಪಾದಗಳನ್ನು ಹೆಂಡತಿ ಮಲ್ಲಿಕಾಂಬ ಮಡಿಲಿಗೆಳೆದುಕೊಂಡು ಮುಳ್ಳು, ಗಾಯ ಏನಾದರೂ ಇದೆಯೇ ಎಂದು ಹುಡುಕುತ್ತಾಳೆ. ಚುಚ್ಚಿದರೂ ನೋವು ತಿಳಿಯದಂತೆ ಮಾಡುವ ಅದೇ ರೋಗ ಒಂದು ಕಾಲಕ್ಕೆ ಅವನಿಗೂ ಬಂದಿತ್ತು. ವಾಸಿಯಾಗಿ ಹತ್ತು ವರ್ಷವಾದರೂ ಅಂಗಾಲಿಗೆ ಸ್ಪರ್ಶ ಮರಳಿಲ್ಲ. ಚಪ್ಪಲಿ ದಾಟಿ ನೆಟ್ಟ ಜಾಲಿಮುಳ್ಳು ಸಿಕ್ಕಿದರೆ, ಅದನ್ನು ಕೀಳುವಾಗ ಅವಳೇ "ಸ್ಸ್" ಅನ್ನುತ್ತಾಳೆ. "ನೋಯ್ತೇನೇ?" ಅಂತ ಅವನು ಕೇಳುತ್ತಾನೆ. "ಹೂಂ ಕಣ್ರೀ, ನೋಯ್ತು." "ಬಹಳ ಸಂತೋಷ."