ಗೆದ್ದವಳಿಗೆ ಶಾಲು, ಹಾಡು ನನ್ನ ಪಾಲು

ಕಳೆದ ಶನಿವಾರ ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ ನಾನು ಒಬ್ಬ ಹುಡುಗಿಯ ಹಾಡನ್ನು ಅವಳದೇ ದನಿಯಲ್ಲಿ ಹಾಡಿದೆ. ಜನ ಶಿಳ್ಳೆ ಹೊಡೆದರು.

ಅದರಲ್ಲೇನು ವಿಶೇಷ, ಮಿಮಿಕ್ರಿಯವನ ಕೆಲಸವೇ ಅದಲ್ಲವೇ ಅಂತೀರಾ?

ವಿಶೇಷ ಇಷ್ಟೇ. ಆ ಹುಡುಗಿ ಅದೇ ವೇದಿಕೆಯ ಮೇಲೆ ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತ ಕೂತಿದ್ದಳು. ಗಂಟಲು ಚೆನ್ನಾಗಿಯೇ ಇತ್ತು. ನೆಗಡಿಯೂ ಇರಲಿಲ್ಲ.

ಅವಳು ಜೆನ್ನಿ. ಭದ್ರಾವತಿಯ ಕಾಗದನಗರದ ಹುಡುಗಿ. ನಿಮ್ಮ ಮನೆಯಲ್ಲಿ ಟಿವಿ ಇದ್ದರೆ ಅವಳು ನಿಮಗೆ ಗೊತ್ತು. ಇಲ್ಲದಿದ್ದರೆ ಪಕ್ಕದ ಮನೆಯ ಗೋಡೆಯ ಮೂಲಕವಾದರೂ ಗೊತ್ತು. ಈಚೆಗೆ ಒಂದು ಚಾನೆಲ್ಲಿನ ಹಾಡಿನ ಸ್ಪರ್ಧೆಯಲ್ಲಿ ಸೋಲ್ ಸಂಗೀತ ಹಾಡಿ ಕಪ್ ಎತ್ತಿದಳಲ್ಲ, ಅವಳೇ. (‘ಸೋಲ್ ಹಾಡಿ ಗೆದ್ದಳು’ ಎಂಬ ಜೋಕನ್ನು ಊರಿನ ಪ್ರತಿಯೊಬ್ಬರೂ ಈಗಾಗಲೇ ಮಾಡಿಯಾಗಿದೆ. ದಯವಿಟ್ಟು ನೀವು ಮಾಡಬೇಡಿ.)

ಸೋಲ್ ಅಂದರೆ ಏನೋ ಎಂದು ನನ್ನ ಅಮ್ಮ ಕೇಳಿದ್ದಳು. ಅಮೆರಿಕದ ಕಪ್ಪು ಜನ ಚರ್ಚಿನಲ್ಲಿ ಹಾಡುತ್ತಿದ್ದ ರೀತಿಯಿಂದ ಬಂದದ್ದು ಎಂದೆ. ಒಂದು ಅಕ್ಷರವನ್ನು ಹೊಟ್ಟೆಯಿಂದ ಎತ್ತಿ, ಎದೆಯಲ್ಲಿ ತಿರುಗಿಸಿ, ಗಂಟಲಿಗೆ ಬಂದಾಗ ಹರಿದುಬಿಡುವುದು ಎಂದು ಒಂದು ಸ್ಯಾಂಪಲ್ಲನ್ನೂ ಹಾಡಿ ತೋರಿಸಿದೆ.

‘ಓ, ನಿಮ್ಮ ದೊಡ್ಡಪ್ಪ ಬೆಳಿಗ್ಗೆ ಬಾಯಿ ಮುಕ್ಕಳಿಸ್ತಾರಲ್ಲ, ಆ ಥರ’ ಎಂದಳು ಅಮ್ಮ.

ನಮ್ಮ ಊರಿನ ಸಂಗೀತ ವಿಮರ್ಶೆ ಹೆಚ್ಚುಕಡಿಮೆ ಈ ಮಟ್ಟದಲ್ಲೇ ಇತ್ತು, ಜೆನ್ನಿ ಗೆಲ್ಲುವವರೆಗೆ.

ನಾನೂ ಅವಳೂ ಒಂದೇ ಆರ್ಕೆಸ್ಟ್ರಾದವರು. ಮದುವೆ ರಿಸೆಪ್ಷನ್ನು, ಗಣಪತಿ ಪೆಂಡಾಲು, ಬಡಾವಣೆ ಸಂಘದ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುತ್ತಿದ್ದೆವು. ಅವಳು ಹಾಡುವವಳು. ನಾನು ಎರಡು ಹಾಡುಗಳ ನಡುವೆ ಜನ ಎದ್ದುಹೋಗದಂತೆ ಕಾಯುವವನು. ರಾಜಕಾರಣಿ, ಪ್ರೆಶರ್ ಕುಕ್ಕರ್, ರಿವರ್ಸ್ ತೆಗೆಯುವ ಭದ್ರಾವತಿ ಬಸ್ಸು, ಕಾರ್ಖಾನೆಯ ಸೈರನ್ನು, ಕೊನೆಗೆ ಹಾಡುವ ಜೆನ್ನಿಯನ್ನೂ, ಬೇಡಿಕೆ ಇದ್ದದ್ದನ್ನೆಲ್ಲ ಸಪ್ಲೈ ಮಾಡುತ್ತಿದ್ದೆ. ನಾನೂ ಒಮ್ಮೆ ಚಾನೆಲ್ಲೊಂದರ ಕಾಮಿಡಿ ಶೋ ಆಡಿಷನ್ನಿಗೆ ಹೋಗಿದ್ದೆ. ‘ಎಲ್ಲರ ವಾಯ್ಸ್ ಬಂತು, ನಿಮ್ಮದೆಲ್ಲಿ?’ ಎಂದು ಕೇಳಿ ಕಳಿಸಿದರು. ಇನ್ನೂ ಹುಡುಕುತ್ತಿದ್ದೇನೆ. ಸಿಕ್ಕಿದರೆ ತಿಳಿಸುತ್ತೇನೆ.

ಜೆನ್ನಿಗೆ ಆ ಸಮಸ್ಯೆ ಇರಲಿಲ್ಲ. ಅವಳ ಅಪ್ಪ ಆಂಥೋನಿ ಅಂಕಲ್ ಕಾಗದದ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುತ್ತಿದ್ದವರು. ಭಾನುವಾರ ಚರ್ಚಿನಲ್ಲಿ ಕೀಬೋರ್ಡ್ ನುಡಿಸುವವರು. ಮಗಳು ಆ ಕೀಬೋರ್ಡಿನ ಪಕ್ಕದಲ್ಲೇ ಬೆಳೆದವಳು. ಸ್ಪರ್ಧೆಯ ಫೈನಲ್ಲಿನಲ್ಲಿ ಹಾಡಿದ್ದು ತಾನೇ ಬರೆದ ಕನ್ನಡ ಹಾಡು. ಕಾರ್ಖಾನೆ ನಿಂತು ಎಷ್ಟೋ ಕಾಲವಾದರೂ ಅವಳ ಅಪ್ಪ ಇನ್ನೂ ಫಸ್ಟ್ ಶಿಫ್ಟಿನ ಹೊತ್ತಿಗೇ ಎದ್ದು ಕೂರುತ್ತಾರೆ. ಹಾಡು ಅಷ್ಟೇ. ‘ಸೈರನ್ ನಿಂತರೂ ಅಪ್ಪ ಏಳುತ್ತಾನೆ’ ಎಂಬ ಸಾಲಿನಲ್ಲಿ ಅವಳ ದನಿ ಒಡೆಯಿತು. ಕರ್ನಾಟಕ ಕಣ್ಣೊರೆಸಿಕೊಂಡಿತು. ಜಡ್ಜುಗಳು ಮೇಕಪ್ ಹಾಳಾಗದಂತೆ ಅತ್ತರು. ಅದಕ್ಕೂ ಪ್ರಾಕ್ಟೀಸ್ ಬೇಕು.

ಅತ್ತದ್ದೆಲ್ಲ ಹಾಡಿಗೇ ಎಂದು ಹೇಳಲಾರೆ. ಹಾಡಿಗೆ ಮೊದಲು ತೋರಿಸಿದ ವಿಡಿಯೋದ ಪಾಲೂ ಇದೆ. ಅದನ್ನು ಶೂಟ್ ಮಾಡಲು ಚಾನೆಲ್ಲಿನವರು ಕಾಗದನಗರಕ್ಕೆ ಬಂದು, ಕ್ವಾರ್ಟರ್ಸ್ ಒಳಗೆಲ್ಲ ಕಣ್ಣಾಡಿಸಿ, ಮುಖ ಸಣ್ಣಗೆ ಮಾಡಿಕೊಂಡರಂತೆ. ಮನೆಯಲ್ಲಿ ಬಡತನ ಸಾಲದು. ಡಬಲ್ ಡೋರ್ ಫ್ರಿಡ್ಜ್ ಇಟ್ಟುಕೊಂಡು ಯಾರಾದರೂ ಕಷ್ಟಪಡುತ್ತಾರೆಯೇ? ಅದನ್ನು ಎತ್ತಿ ಪಕ್ಕದ ಮನೆಗೆ ಸಾಗಿಸಿದರು. ಜೆನ್ನಿಯ ಅಮ್ಮ ಸೆಲ್ವಿ ಆಂಟಿ ಹಿಂದೆಯೇ ಓಡಿದರು: ‘ಅಯ್ಯೋ, ಒಳಗೆ ದೋಸೆ ಹಿಟ್ಟಿದೆ ಪಾ! ನಿಧಾನ!’

ಆ ದೃಶ್ಯವನ್ನು ವಿಡಿಯೋದಲ್ಲಿ ಉಳಿಸಿಕೊಂಡಿದ್ದಾರೆ. ಮಾತು ತೆಗೆದು, ಮುಖ ಮಾತ್ರ ತೋರಿಸಿ, ಹಿಂದೆ ಪಿಟೀಲು ಹಾಕಿದ್ದಾರೆ. ದೋಸೆ ಹಿಟ್ಟಿನ ಚಿಂತೆಗೆ ಇಡೀ ರಾಜ್ಯ ಬಿಕ್ಕಿ ಬಿಕ್ಕಿ ಅತ್ತದ್ದು ಇತಿಹಾಸದಲ್ಲಿ ಅದೇ ಮೊದಲಿರಬೇಕು.

ಗೆದ್ದ ಮೇಲೆ ಏನಾಗಬೇಕೋ ಅದಾಯಿತು. ಸನ್ಮಾನ ಸಮಿತಿ ರಚನೆಯಾಯಿತು. ಅಧ್ಯಕ್ಷರು ಗಾಂಧಿ ಬಜಾರಿನ ಸಗಟು ಬಟ್ಟೆ ವ್ಯಾಪಾರಿ ಮಹೇಶಪ್ಪನವರು. ಇದೇ ಮಹೇಶಪ್ಪನವರು ಹಿಂದೊಮ್ಮೆ ನಮ್ಮ ಗಣಪತಿ ಪ್ರೋಗ್ರಾಮಿನಲ್ಲಿ ಜೆನ್ನಿಯ ಮೈಕ್ ಆಫ್ ಮಾಡಿಸಿದ್ದರು. ‘ಏನಮ್ಮ ಹಿಂಗ್ ಕಿರುಚ್ತೀಯ? ಮೆಲೊಡಿ ಹಾಡು, ಇಲ್ಲಾ ಆ ಮಿಮಿಕ್ರಿ ಹುಡುಗನ್ನ ಬಿಡು’ ಎಂದಿದ್ದರು. ಈಗ ಎಲ್ಲ ಕಡೆ ಹೇಳುತ್ತಿರುವುದು ಬೇರೆ: ‘ಆ ಹುಡುಗೀಲಿ ಏನೋ ಇದೆ ಅಂತ ಮೊದಲು ಗುರುತಿಸಿದೋನೇ ನಾನು.’ ಸುಳ್ಳಲ್ಲ. ಗುರುತಿಸಿದ್ದರು. ಗುರುತಿಸಿಯೇ ಸ್ವಿಚ್ ಆಫ್ ಮಾಡಿಸಿದ್ದು.

ಶನಿವಾರ ಮಂಟಪದ ಬಾಗಿಲಲ್ಲಿ ದೊಡ್ಡ ಫ್ಲೆಕ್ಸ್. ಅದರಲ್ಲಿ ಮಹೇಶಪ್ಪನವರು ಕೈಮುಗಿದು ನಿಂತಿದ್ದರು. ಸುತ್ತ ಸಮಿತಿಯವರೆಲ್ಲ ಇದ್ದರು. ಜೆನ್ನಿಯೂ ಇದ್ದಳು. ಕೆಳಗೆ, ಎಡಗಡೆ, ಫ್ಲೆಕ್ಸ್ ಕಟ್ಟಿದ ಹಗ್ಗದ ಗಂಟಿನ ಹತ್ತಿರ.

ಕಾಗದನಗರದಿಂದ ಜನ ಒಂದು ಬಸ್ಸನ್ನೇ ಮಾಡಿಕೊಂಡು ಬಂದಿದ್ದರು. ಆಂಥೋನಿ ಅಂಕಲ್ ಲೈನ್ ಮನೆಗಳಿಗೆಲ್ಲ ಹೋಗಿ ಕರೆದಿದ್ದರು. ‘ಟೀವೀಲಿ ಕೇಳಿದ್ದು ಬೇರೆ ಪಾ. ಎದುರಿಗೆ ಕೂತು ಕೇಳಿ. ಮಗಳು ಹಾಡ್ತಾಳೆ, ನಾನು ಕೀಬೋರ್ಡ್.’ ಆ ಹಾಡನ್ನು ಅವರೂ ಎದುರಿಗೆ ಕೂತು ಕೇಳಿರಲಿಲ್ಲ. ಮಗಳು ಗೆದ್ದ ಮೇಲೆ ಮನೆಗೆ ಬಂದದ್ದೇ ಹಿಂದಿನ ದಿನ.

ಆದರೆ ಅವಳ ಜೊತೆ ರೋಹನ್ ಕೂಡ ಬಂದಿದ್ದ. ರೋಹನ್ ಎಂದರೆ ಚಾನೆಲ್ಲಿನವರು ಅವಳಿಗೆ ಕೊಟ್ಟ ಮ್ಯಾನೇಜರು. ಮಂಟಪದೊಳಗೂ ಕಪ್ಪು ಕನ್ನಡಕ. (ಟ್ಯೂಬ್‌ಲೈಟಿನ ಬಿಸಿಲು ಜೋರಿತ್ತು.) ಅವನು ಮಹೇಶಪ್ಪನವರನ್ನು ಬದಿಗೆ ಕರೆದು ಹೇಳಿದ, ‘ಸರ್, ಸನ್ಮಾನ ಓಕೆ. ಸಿಂಗಿಂಗ್ ಇಲ್ಲ. ಚಾನೆಲ್ ಪರ್ಮಿಷನ್ ಇಲ್ದೆ ಸ್ಟೇಜು, ಮೈಕು, ಕ್ಯಾಮೆರಾ ಮುಂದೆ ಒಂದು ವರ್ಷ ಹಾಡೋ ಹಾಗಿಲ್ಲ. ಕಾಂಟ್ರಾಕ್ಟ್. ಪರ್ಮಿಷನ್ ಕೇಳಿದ್ವಿ. ಇವತ್ತು ಬೆಳಿಗ್ಗೆ ನೋ ಅಂದ್ರು.’

‘ಹಾಡೋಳು ಹಾಡಲ್ಲ ಅಂದ್ರೆ ಏನ್ರೀ ಅರ್ಥ?’ ಎಂದರು ಮಹೇಶಪ್ಪನವರು.

‘ಅವ್ರು ಈಗ ಹಾಡೋರಲ್ಲ ಸರ್. ಬ್ರ್ಯಾಂಡು.’

ಜೆನ್ನಿ ಅಪ್ಪನ ಮುಖ ನೋಡಿದಳು. ಅಂಕಲ್ ಆಗಲೇ ಕೀಬೋರ್ಡಿನ ಮೇಲಿದ್ದ ಬಟ್ಟೆ ತೆಗೆದು, ಮಡಚಿ, ಜೇಬಿಗೆ ಹಾಕಿಕೊಂಡಿದ್ದರು. ಈಗ ಅದನ್ನು ಹೊರತೆಗೆದು, ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದರು.

ಮುಂದಿನ ಸಾಲಿನ ಆಂಟಿಯೊಬ್ಬರಿಂದ ಅಷ್ಟರಲ್ಲೇ ತೀರ್ಪು ಬಂದಾಗಿತ್ತು. ‘ಒಂದು ಕಪ್ ಗೆದ್ದಿದ್ದಕ್ಕೇ ಎಷ್ಟು ದಿಮಾಕು ನೋಡು ಮಾರಾಯ್ತಿ. ಊರಿನೋರಿಗೆ ಒಂದು ಹಾಡು ಹಾಡಕ್ಕಾಗಲ್ವಂತೆ.’

‘ವೋಟು ಹಾಕೋಕೆ ಮಾತ್ರ ನಾವು ಬೇಕಿತ್ತು.’

‘ನೀವು ಹಾಕಿದ್ರಾ?’

‘ಇಲ್ಲ. ಹಾಕ್ಬೇಕು ಅಂತಿದ್ದೆ.’

ಮಹೇಶಪ್ಪನವರು ವ್ಯಾಪಾರಿ. ಗಿರಾಕಿ ಕೇಳಿದ ಸೀರೆ ಇಲ್ಲದಿದ್ದರೆ ಅದೇ ಬಣ್ಣದ ಇನ್ನೊಂದನ್ನು ಬಿಚ್ಚಿ ಹರವುವವರು. ಕಣ್ಣು ನನ್ನ ಮೇಲೆ ಬಿತ್ತು.

‘ಏಯ್ ವೀರೇಶ, ನೀನು ಇವಳ ಥರ ಹಾಡ್ತೀಯಲ್ಲ, ಆ ಐಟಂ ಬಿಡೋ ಮಾರಾಯ. ನಿಂಗ್ಯಾವ ಕಾಂಟ್ರಾಕ್ಟು?’

ನಿಜ. ನನ್ನೊಂದಿಗೆ ಕರಾರು ಮಾಡಿಕೊಳ್ಳುವಷ್ಟು ಹುಚ್ಚು ಇನ್ನೂ ಯಾರಿಗೂ ಹಿಡಿದಿಲ್ಲ. ರೋಹನ್ ಯೋಚಿಸಿ, ಮಿಮಿಕ್ರಿಗೆ ಕ್ಲಾಸ್ ಇಲ್ಲ ಎಂದ. (ಕರಾರಿನ ಕಲಮು ಇಲ್ಲ ಎಂಬರ್ಥದಲ್ಲಿ ಹೇಳಿದ ಎಂದು ನಂಬಿಕೊಂಡಿದ್ದೇನೆ.)

ನಾನು ಜೆನ್ನಿಯ ಹತ್ತಿರ ಹೋಗಿ ಬಗ್ಗಿದೆ. ‘ಏನೇ ಮಾಡ್ಲಿ? ಬೇಡ ಅಂದ್ರೆ ಹೊಟ್ಟೆನೋವು ಅಂತ ಓಡ್ಹೋಗ್ತೀನಿ.’

‘ಹಾಡೋ ವೀರು. ಇಲ್ಲಾಂದ್ರೆ ಅಪ್ಪ ಕರ್ಕೊಂಡು ಬಂದಿರೋರ ಮುಂದೆ ಅವರ ಮುಖ ಏನಾಗತ್ತೆ?’ ಎಂದಳು. ಆಮೇಲೆ ಹಣ್ಣಿನ ಬುಟ್ಟಿಯ ಹಿಂದಿನಿಂದ, ‘ಕಣ್ಣೀರು ಓವರ್ ಮಾಡಿದ್ರೆ ಸೇಬಲ್ಲಿ ಹೊಡೀತೀನಿ, ಪೋ ಡಾ.’

ಹಾಡಿದೆ. ಅವಳಂತೆ ಕಣ್ಣು ಮುಚ್ಚಿದೆ. ಅವಳಂತೆ ಬಲಗೈಯನ್ನು ಗಾಳಿಯಲ್ಲಿ ಮಡಚಿದೆ. ಶುರುವಿಗೆ ಮೊದಲು ನನ್ನ ಖ್ಯಾತ ಕಾರ್ಖಾನೆ ಸೈರನ್ನನ್ನೂ ಊದಿದೆ. ಆಂಥೋನಿ ಅಂಕಲ್ ತಲೆ ಎತ್ತದೆ ಕೀಬೋರ್ಡ್ ನುಡಿಸಿದರು. ದನಿ ಒಡೆಯುವ ಜಾಗ ಬಂತು. ಸರಿಯಾಗಿ ಒಡೆದೆ. ಅದು ಬಹಳ ಸುಲಭ, ಗೊತ್ತಾ? ಅವಳಿಗೆ ಒಡೆಯುವುದು ಎಲ್ಲಿಂದಲೋ ಬರುತ್ತದೆ. ನನಗೆ ನಾಲಿಗೆಯ ಬುಡವನ್ನು ಸ್ವಲ್ಪ ಒತ್ತಿದರೆ ಸಾಕು.

ಶಿಳ್ಳೆ. ಒನ್ಸ್ ಮೋರ್. ಮುಂದಿನ ಸಾಲಿನ ಅದೇ ಆಂಟಿ, ‘ಥೇಟ್ ಅವಳೇ ಕಣ್ರೀ! ಅವಳಿಗಿಂತ ಇವನೇ ವಾಸಿ, ದಿಮಾಕಿಲ್ಲ’ ಎಂದರು. ಜೆನ್ನಿಯೂ ಚಪ್ಪಾಳೆ ತಟ್ಟಿದಳು. ತಟ್ಟದಿದ್ದರೆ ಅದಕ್ಕೂ ದಿಮಾಕು ಎನ್ನುತ್ತಿದ್ದರು.

ಕಾಗದನಗರದ ಬಸ್ಸಿನವರು ಮಾತ್ರ ಶಿಳ್ಳೆ ಹೊಡೆಯಲಿಲ್ಲ. ಸುಮ್ಮನೆ ಆಂಥೋನಿ ಅಂಕಲ್ ಕಡೆ ನೋಡಿದರು. ಅಂಕಲ್ ಕೀಬೋರ್ಡಿಗೆ ಬಟ್ಟೆ ಮುಚ್ಚಿದರು.

ಆಮೇಲೆ ಭಾಷಣಗಳು. ಪ್ರತಿಭೆ ಎಂಬ ಪದ ಎಷ್ಟು ಸಲ ಬಂತೋ ಆ ಪ್ರತಿಭೆಗೇ ಗೊತ್ತು. ಒಬ್ಬರು ಜೆನ್ನಿಯನ್ನು ಜಾನಕಿ ಎಂದು ಕರೆದು, ಭರತನಾಟ್ಯದಲ್ಲಿ ಇನ್ನೂ ಎತ್ತರಕ್ಕೇರಲಿ ಎಂದು ಹಾರೈಸಿದರು. ಇನ್ನೂ ಇಬ್ಬರು ಮಾತಾಡುವವರಿದ್ದರು. ಅಷ್ಟರಲ್ಲಿ ಹಿಂದಿನಿಂದ ಒಗ್ಗರಣೆಯ ಘಮ ಬಂತು. ಸಭೆ ವಂದನಾರ್ಪಣೆಗೂ ಕಾಯದೆ ಎದ್ದು ಊಟದ ಹಾಲಿಗೆ ನುಗ್ಗಿತು. ಮೊದಲ ಪಂಕ್ತಿ ತಪ್ಪಿದರೆ ಎರಡಿದ್ದ ಹೋಳಿಗೆ ಒಂದಾಗುತ್ತದೆ ಎಂಬುದನ್ನು ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ.

ಎಲೆಗಳ ಮುಂದೆ ಕೂತೆವು. ಅಂಕಲ್ ಪಕ್ಕ ಜೆನ್ನಿ, ಅವಳ ಪಕ್ಕ ನಾನು. ಎದುರಿನ ಸಾಲಿನಲ್ಲಿ ಮಹೇಶಪ್ಪನವರು, ಸಮಿತಿಯವರು, ಕನ್ನಡಕ ಹಣೆಗೇರಿಸಿದ ರೋಹನ್. ಕಾಗದನಗರದವರು ನಮ್ಮ ಸಾಲಿನ ಕೊನೆಯವರೆಗೂ.

ಅಂಕಲ್ ಅನ್ನವನ್ನು ಕಲಸುತ್ತಲೇ ಇದ್ದರು. ಬಾಯಿಗೆ ಇಡಲಿಲ್ಲ.

ಜೆನ್ನಿ ಆ ಕಡೆ ಈ ಕಡೆ ನೋಡಿದಳು. ‘ವೀರು, ಇದು ಸ್ಟೇಜಾ?’

‘ಅಲ್ಲ.’

‘ಮೈಕಿದ್ಯಾ?’

‘ಉಪ್ಪಿನಕಾಯಿ ಇದೆ.’

ಅವಳು ತಲೆ ತಗ್ಗಿಸಿ, ಎಲೆಯ ಮೇಲೆ ಕಣ್ಣಿಟ್ಟುಕೊಂಡೇ ಶುರು ಮಾಡಿದಳು. ಮೆಲ್ಲಗೆ. ಕಣ್ಣು ಮುಚ್ಚಲಿಲ್ಲ. ಕೈ ಎತ್ತಲಿಲ್ಲ. (ನಾನು ಅವಳಿಂದ ಕದ್ದ ಒಂದೂ ಸಾಮಾನು ಅಲ್ಲಿರಲಿಲ್ಲ.) ಸಾರು ಬಡಿಸುತ್ತಿದ್ದವರು ಅಂಕಲ್ ಮುಂದೆ ಸೌಟು ಹಿಡಿದು ನಿಂತೇಬಿಟ್ಟರು. ನಮ್ಮ ಸಾಲಿನಲ್ಲಿ ಒಬ್ಬೊಬ್ಬರೇ ಕೈ ನಿಲ್ಲಿಸಿದರು. ಆ ಸಾಲು ಬಂತು. ಸೈರನ್ ನಿಂತರೂ ಅಪ್ಪ ಏಳುತ್ತಾನೆ. ದನಿ ಒಡೆಯಿತು. ನಾನು ಒಡೆದ ಜಾಗದಲ್ಲಲ್ಲ, ಅದಕ್ಕೂ ಮೊದಲು, ‘ಅಪ್ಪ’ ಎನ್ನುವಲ್ಲಿ.

ಎದುರು ಸಾಲಿನಿಂದ ಗುಡುಗು: ‘ಯಾರ್ರೀ ಅದು, ಊಟದ ಹೊತ್ತಲ್ಲೂ ಮೊಬೈಲು? ಸೌಂಡ್ ಕಮ್ಮಿ ಮಾಡ್ರೀ!’

ಮಹೇಶಪ್ಪನವರು. ಮೊದಲು ಗುರುತಿಸಿದವರು.

ಎದುರು ಸಾಲಿಗೆ ಸಾಲೇ ಎಡಗೈಯಿಂದ ಜೇಬು ತಡವಿಕೊಂಡಿತು. ನಂದಲ್ಲ, ನಂದಲ್ಲ. ಆ ಆಂಟಿ ವ್ಯಾನಿಟಿ ಬ್ಯಾಗನ್ನು ಕಿವಿಗೆ ಹಿಡಿದು ನೋಡಿದರು. ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ರೋಹನ್. ಎದ್ದೇ ನಿಂತ. ‘ಯಾರು ನಮ್ಮ ಸ್ಟುಡಿಯೋ ಟ್ರ್ಯಾಕ್ ಪ್ಲೇ ಮಾಡ್ತಿರೋದು? ಅದಿನ್ನೂ ರಿಲೀಸೇ ಆಗಿಲ್ಲ! ಲೀಕ್ ಆಗಿದೆ!’ ಎನ್ನುತ್ತ ಚಾನೆಲ್ಲಿಗೆ ಫೋನ್ ಮಾಡಲು ಹೊರಗೆ ಓಡಿದ. ಬ್ರ್ಯಾಂಡು ಅವನ ಎದುರಿಗೇ ಕೂತು ಹಾಡುತ್ತಿತ್ತು. ಬಾಯಿ ತೆರೆದೇ ಹಾಡುತ್ತಿತ್ತು.

ಜೆನ್ನಿಗೆ ನಗು ಬಂತು. ನಗುವನ್ನೂ ಹಾಡಿನೊಳಗೇ ಎಳೆದುಕೊಂಡು ಕೊನೆಯವರೆಗೆ ಹಾಡಿದಳು. ಅಂಕಲ್ ಎಡಗೈಯ ಬೆರಳುಗಳು ಮೇಜಿನ ಮೇಲೆ ಇಲ್ಲದ ಕೀಬೋರ್ಡನ್ನು ಒತ್ತುತ್ತಿದ್ದವು. ಹಾಡು ಮುಗಿದ ಮೇಲೆ ಅವರು ಬಡಿಸುವವರ ಕಡೆ ತಿರುಗಿ, ‘ಸಾರು ಹಾಕಿ ಪಾ, ಈಗ ಹಸಿವಾಗ್ತಿದೆ’ ಎಂದರು.

ಕೈ ತೊಳೆಯುವಲ್ಲಿ ಮಹೇಶಪ್ಪನವರು ಸಿಕ್ಕರು. ಒದ್ದೆ ಕೈಯಲ್ಲೇ ನನ್ನ ಬೆನ್ನು ತಟ್ಟಿದರು. ‘ಮಾನ ಉಳಿಸ್ದೆ ಕಣೋ. ಮುಂದಿನ ವರ್ಷ ಗಣಪತಿಗೆ ಅವಳ ಡೇಟ್ ಸಿಗದಿದ್ರೆ ನೀನೇ ಬಾ. ಜನಕ್ಕೆ ವ್ಯತ್ಯಾಸಾನೇ ಗೊತ್ತಾಗಲ್ಲ.’

‘ಊಟದಲ್ಲಿ ಹಾಡಿದ್ದು ಅವಳೇ ಸರ್’ ಎಂದೆ.

‘ತಮಾಷೆ ಮಾಡ್ಬೇಡ. ಅದು ಮೊಬೈಲು’ ಎಂದರು. ಅನುಮಾನವೇ ಇರಲಿಲ್ಲ ಅವರಿಗೆ.

ನಾನು ಮಿಮಿಕ್ರಿಯವನು, ಜನ ಮೋಸಹೋದರಷ್ಟೇ ನನ್ನ ಹೊಟ್ಟೆ ತುಂಬುವುದು. ಆದ್ದರಿಂದ ದೂರುವುದಿಲ್ಲ. ಒಂದು ಮಾತು ಮಾತ್ರ ಕೇಳಿಬಿಡುತ್ತೇನೆ: ಎದುರಿನ ಎಲೆಯಲ್ಲಿ ಕೂತು ಹಾಡುವವಳು ನಮ್ಮ ಕಣ್ಣಿಗೆ ಬೀಳಬೇಕಾದರೆ, ಎಷ್ಟು ಇಂಚಿನ ಟಿವಿ ಬೇಕು?