ಕಣ್ಣಿನಿಂದ ಕೆಳಗೆ

ಮೊನ್ನೆ ಬೆಳಿಗ್ಗೆ ಮ್ಯೋದೆನ್ ನಿಲ್ದಾಣದಲ್ಲಿ ಇಬ್ಬರು ಹೈಸ್ಕೂಲು ಹುಡುಗಿಯರು ರೈಲು ಹತ್ತಿದರು. ಅವರ ಜೊತೆ ಹೇರ್ ಸ್ಪ್ರೇಯ ವಾಸನೆಯೂ ಹತ್ತಿತು: ಹಸಿರು ಸೇಬು, ಅದರಡಿಯಲ್ಲಿ ಚೂರು ಸ್ಪಿರಿಟ್ಟು. ಶಿನಾಗಾವಾದ ಆಫೀಸಿಗೆ ಹೊರಟಿದ್ದ ನನ್ನ ಕೈ ತಾನಾಗಿಯೇ ಹಣೆಗೆ ಹೋಯಿತು. ಅಲ್ಲಿ ಒತ್ತಿ ಹಿಡಿಯುವಂಥ ಕೂದಲು ಈಗ ಇಲ್ಲ. ಪಕ್ಕದವರು ನೋಡಿದರೆಂದು ಹಣೆ ತುರಿಸಿಕೊಂಡಂತೆ ಮಾಡಿ ಕೈ ಇಳಿಸಿದೆ.

ನಮ್ಮ ಶಾಲೆಯಲ್ಲಿ ಮುಂಗೂದಲೆಂದರೆ ಒಂದು ವ್ರತ. ಅದು ಹುಬ್ಬು ಮುಟ್ಟಬೇಕು, ಕಣ್ಣಿಗೆ ತಾಗಬಾರದು. ಎಳೆಗಳ ನಡುವೆ ಹಣೆ ಕಂಡೂ ಕಾಣದಂತಿರಬೇಕು. ಗಾಳಿಗೆ ಎದ್ದು ನಿಂತರೆ ಮಾನ ಹೋಯಿತು. ಅದಕ್ಕೇ ಸ್ಪ್ರೇ, ಅದಕ್ಕೇ ಮೈದಾನದಲ್ಲಿ ಓಡುವಾಗಲೂ ಎಲ್ಲರ ಒಂದು ಕೈ ಹಣೆಯ ಮೇಲೆ. ದೂರದಿಂದ ನೋಡಿದವರಿಗೆ ಮೂವತ್ತು ಹುಡುಗಿಯರಿಗೆ ಒಟ್ಟಿಗೇ ತಲೆನೋವು ಬಂದಿದೆ ಅನ್ನಿಸಬೇಕು. ಸ್ಕರ್ಟನ್ನು ಸೊಂಟದ ಹತ್ತಿರ ಎರಡು ಸುತ್ತು ಮಡಚುವುದು, ಶಿಕ್ಷಕರು ಕಂಡರೆ ಒಂದು ಸುತ್ತು ಬಿಚ್ಚುವುದು, ಇದೆಲ್ಲ ಇತ್ತು. ನಾನೂ ಮಡಚಿದೆ, ಬಿಚ್ಚಿದೆ. ಆದರೆ ನಮ್ಮ ವರ್ಷಗಳ ನಿಜವಾದ ಫ್ಯಾಷನ್ ಮಾಸ್ಕು.

ಬಿಳಿ ಮಾಸ್ಕು ಆಸ್ಪತ್ರೆಯವರಿಗೆ, ಅಜ್ಜಂದಿರಿಗೆ. ನಮಗೆ ತಿಳಿಗುಲಾಬಿ, ಕೆನೆಬಣ್ಣ, ಬೂದು ಬೆರೆತ ನೇರಳೆ. ಕೆನ್ನೆಗೆ ರಕ್ತ ಬಂದಂತೆ ತೋರಿಸುವ ಬಣ್ಣಗಳು. ಜಗತ್ತಿಗೆಲ್ಲ ಹಬ್ಬಿದ್ದ ರೋಗದ ಭಯ ಇಳಿಯಿತು, ಮಾಸ್ಕು ಇಳಿಯಲಿಲ್ಲ. ಹುಡುಗಿಯರು ಅದಕ್ಕೆ 'ಮುಖದ ಒಳಚಡ್ಡಿ' ಎಂದು ಹೆಸರಿಟ್ಟರು. ಮೊದಲು ತಮಾಷೆಗೆ. ಆಮೇಲೆ ಆ ಮಾತಿಗೆ ಯಾರೂ ನಗಲಿಲ್ಲ. ಮಧ್ಯಾಹ್ನದ ಊಟವನ್ನು ಎಲ್ಲರೂ ಕಪ್ಪುಹಲಗೆಯ ಕಡೆ ಮುಖಮಾಡಿ, ಮಾತಿಲ್ಲದೆ ಮಾಡಬೇಕಿತ್ತು. ಎರಡು ವರ್ಷ ನನ್ನ ಮುಂದಿದ್ದದ್ದು ಅಗಿಯುವ ಕಿವಿಗಳು ಮಾತ್ರ. ನೀವು ಎಂದಾದರೂ ಕಿವಿಗಳು ಊಟ ಮಾಡುವುದನ್ನು ನೋಡಿದ್ದೀರಾ? ಅವು ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಸರಿಯುತ್ತವೆ.

ನನಗೆ ಇದರಿಂದ ಸುಖವೇ ಇತ್ತೆಂದು ಒಪ್ಪಿಕೊಳ್ಳಬೇಕು. ಆರನೆಯ ವಯಸ್ಸಿನಲ್ಲಿ ಅಪ್ಪನ ಕೆಲಸದ ಹಿಂದೆ ಮೈಸೂರಿನಿಂದ ಜಪಾನಿನ ಇಚಿಕಾವಾಕ್ಕೆ ಬಂದವಳು ನಾನು. ಬೀದಿಯಲ್ಲಿ ಜನ ತಿರುಗಿ ನೋಡುವುದಕ್ಕೆ ಒಗ್ಗಿಹೋಗಿದ್ದೆ. ಮಾಸ್ಕು ಮತ್ತು ಮುಂಗೂದಲ ನಡುವೆ ಎರಡು ಕಣ್ಣು ಮಾತ್ರ ಉಳಿದಾಗ, ತಿರುಗಿ ನೋಡುವವರು ಕಡಿಮೆಯಾದರು. ಅಮ್ಮನಿಗೆ ಇದು ಅರ್ಥವಾಗುತ್ತಿರಲಿಲ್ಲ.

"ಮೂಗು ಬಾಯಿ ಮುಚ್ಕೊಂಡು ಓಡೋದಾ? ಉಸಿರು ಎಲ್ಲಿಂದ ತಗೋತೀರೇ, ಕಿವಿಯಿಂದಾನಾ?"

"ಇಟ್ಸ್ ನಾರ್ಮಲ್, ಅಮ್ಮಾ."

"ನಾರ್ಮಲ್ ಅಂತೆ. ನಿನ್ನ ಫ್ರೆಂಡ್ ಹಾರುಕಾ ದಿನಾ ಬಾಗಿಲಿಗೆ ಬರ್ತಾಳೆ. ಆ ಹುಡುಗೀಗೆ ಗಲ್ಲ ಇದೆಯೋ ಇಲ್ವೋ ದೇವರಿಗೇ ಗೊತ್ತು."

ಹಾರುಕಾ ಬೇರೆ ತರಗತಿಯವಳು. ಓಟದ ಕ್ಲಬ್ಬಿನಲ್ಲಿ ಜೊತೆಯಾದವಳು. ನನ್ನ ಉದ್ದ ಹೆಸರನ್ನು ಮೊದಲ ಎರಡು ಅಕ್ಷರಕ್ಕೆ ಕತ್ತರಿಸಿ, ಕೊನೆಗೊಂದು ಸಲಿಗೆಯ 'ಚಾನ್' ಸೇರಿಸಿ ಕರೆದ ಮೊದಲ ವ್ಯಕ್ತಿ. ಅಭ್ಯಾಸದಲ್ಲಿ ಮಾಸ್ಕು ತೆಗೆಯಿರಿ ಎಂದು ಓಟ ಕಲಿಸುವ ಸೆನ್ಸೇ ದಿನವೂ ಹೇಳುತ್ತಿದ್ದರು. ತೆಗೆದವರು ಒಬ್ಬಿಬ್ಬರು. ನಾವಿಬ್ಬರೂ ತೆಳು ಮಾಸ್ಕಿನಲ್ಲೇ ಎದೋ ನದಿಯ ದಂಡೆಯ ಮೇಲೆ ಓಡುತ್ತಿದ್ದೆವು. ಉಸಿರೆಳೆದಾಗ ಬಟ್ಟೆ ಬಾಯಿಯ ಆಕಾರಕ್ಕೆ ಅಂಟಿ, ಬಿಟ್ಟಾಗ ಉಬ್ಬುತ್ತಿತ್ತು. ಅವಳು ನೀರು ಕುಡಿಯುವುದು ಮಾಸ್ಕಿನ ಕೆಳಗಿನಿಂದ ಸ್ಟ್ರಾ ತೂರಿಸಿ. ಹೀಗೆ ನಾನು ಅವಳ ಮುಖವನ್ನು ನೋಡಿಯೇ ಇರಲಿಲ್ಲ. ನೋಡಿಲ್ಲವೆಂಬುದು ನನಗೆ ತಿಳಿದಿರಲೂ ಇಲ್ಲ. ಕಣ್ಣಿನಿಂದ ಕೆಳಗಿನದನ್ನು ನಾನೇ ಬರೆದುಕೊಂಡಿದ್ದೆ: ಸಣ್ಣ ಮೂಗು, ತೆಳು ತುಟಿ, ಚೂಪು ಗಲ್ಲ.

ಚಳಿಗಾಲದಲ್ಲಿ ಊರಿನ ಎಕಿದೆನ್ ಇರುತ್ತದೆ. ಅದು ರಿಲೇ ಓಟ. ಕೋಲಿನ ಬದಲು ಹೆಗಲಿಗೆ ಅಡ್ಡಲಾಗಿ ಹಾಕಿಕೊಂಡ ತಾಸುಕಿ ಎಂಬ ಬಟ್ಟೆಪಟ್ಟಿಯನ್ನು ಕಳಚಿ ಮುಂದಿನವರ ಕೈಗೆ ಕೊಡಬೇಕು. ನಾನು ಮೂರನೆಯವಳು, ಹಾರುಕಾ ನಾಲ್ಕನೆಯವಳು. ಆ ವರ್ಷ ಸಂಘಟಕರು ಒಂದು ನಿಯಮ ಮಾಡಿದರು: ಕಾಯುವಾಗ ಮಾಸ್ಕು ಇರಲಿ, ಓಡುವಾಗ ಕೂಡದು. ಹಿಂದಿನ ಸಂಜೆ ಕೊಂಬಿನಿ ಅಂಗಡಿಯ ಎದುರು ನಿಂತು ಅವಳು ಕೇಳಿದಳು:

"ನಾಳೆ ತೆಗೀಲೇಬೇಕಂತೆ?"

"ಹ್ಞೂಂ. ನನ್ನ ಮೂಗು ನೋಡಿ ನೀನೇ ಓಡಿಹೋಗ್ತೀಯ. ಗೆದ್ವಿ ಬಿಡು."

ಅವಳು ನಗಲಿಲ್ಲ. "ನಂದು ಮಾಸ್ಕ್ ಮೋಸ. ಕಣ್ಣು ನೋಡಿ ಎಲ್ಲರೂ ಏನೋ ಅಂದ್ಕೊಂಡಿರ್ತಾರೆ. ಐಡಿ ಫೋಟೋ ದಿನ ಮಾಸ್ಕ್ ತೆಗೆದೆ, ಪಕ್ಕದವಳು 'ಓ' ಅಂದಳು. ಅಷ್ಟೇ. ಬೇರೇನೂ ಅನ್ಲಿಲ್ಲ."

"ನಾನು 'ಓ' ಅನ್ನಲ್ಲ."

"ಪ್ರಾಮಿಸ್?"

"ಪ್ರಾಮಿಸ್. ತಾಸುಕಿ ಕೊಡ್ತೀನಿ, ನೀನು ಹೊರಡ್ತೀಯ. ಮುಖ ನೋಡೋಕೆ ಟೈಮ್ ಎಲ್ಲಿರುತ್ತೆ?"

ಟೈಮ್ ಇತ್ತು. ಮೂರು ಕಿಲೋಮೀಟರಿನ ಕೊನೆಗೆ ಸಾವಿರ ನೋವಿದ್ದರೂ ಕಣ್ಣು ಬಹಳ ಚುರುಕಾಗಿರುತ್ತದೆ. ನದಿಯಿಂದ ಎದ್ದ ಮಂಜಿನಲ್ಲಿ ಬಿಳಿ ಗೆರೆ ಕಾಣಿಸಿತು. ಗೆರೆಯ ಮೇಲೆ ಏಳೆಂಟು ಹುಡುಗಿಯರು, ಒಂದೇ ಬಗೆಯ ಮುಂಗೂದಲು, ಒಂದೇ ಬಗೆಯ ಬಿಳಿ ತೋಳುಗವಸು. ಆದರೆ ಎಲ್ಲರ ಕಣ್ಣ ಕೆಳಗೂ ಬಾಯಿಗಳಿದ್ದವು. ಬಾಯಿಗಳು ತೆರೆದು ಮುಚ್ಚಿ ಕೂಗುತ್ತಿದ್ದವು. ಅಷ್ಟೊಂದು ಬಾಯಿಗಳನ್ನು ಒಟ್ಟಿಗೆ ನೋಡಿ ನಾನು ಹೆದರಿದೆ, ನೋಡಬಾರದ್ದನ್ನು ನೋಡಿದಂತಾಯಿತು. ಅವುಗಳ ಮಧ್ಯೆ ನಮ್ಮ ಶಾಲೆಯ ನೀಲಿ ಬನಿಯನ್, ನಮ್ಮ ಸಂಖ್ಯೆ, ಮುಂದೆ ಚಾಚಿದ ಎರಡು ಕೈ. ಅಗಲವಾದ ಮುಖ, ದಪ್ಪ ಕೆಳತುಟಿ, ಮುಂದಕ್ಕೆ ಬಂದ ಹಲ್ಲು. ಆ ಮುಖದಲ್ಲಿ ಹಾರುಕಾಳ ಕಣ್ಣುಗಳು. ಯಾರೋ ಅವಳ ಕಣ್ಣುಗಳನ್ನು ಕದ್ದು ಹಾಕಿಕೊಂಡು ನನ್ನ ಹೆಸರು ಕೂಗುತ್ತಿದ್ದಾರೆ ಅನ್ನಿಸಿತು.

ಗೆರೆಗೆ ಎರಡು ಹೆಜ್ಜೆ ಇರುವಾಗ ನಿಂತೆ. ಚಾಚಿದ್ದ ತಾಸುಕಿಯನ್ನು ಎದೆಗೆ ಎಳೆದುಕೊಂಡೆ.

"ದಾರೆ?" ಅಂದೆ. ಯಾರು?

ಅವಳು ಗೆರೆ ದಾಟದೆ ಬಗ್ಗಿ, ನನ್ನ ಮುಷ್ಟಿಯಿಂದ ತಾಸುಕಿಯನ್ನು ಕಿತ್ತುಕೊಂಡಳು. ಹೆಗಲಿಗೆ ಹಾಕಿಕೊಂಡಳು. ಓಡಿದಳು. ಎಡಗೈ ಮೇಲೆದ್ದಿತು, ಹಣೆಗಲ್ಲ, ಬಾಯಿಗೆ. ದಂಡೆಯ ಮೇಲೆ ನಿಂತಿದ್ದ ಅಮ್ಮ ಆಮೇಲೆ ಕೇಳಿದರು: "ಪಾಪ, ಆ ಹುಡುಗಿ ಉದ್ದಕ್ಕೂ ಬಾಯಿ ಮುಚ್ಕೊಂಡೇ ಓಡಿದ್ಳಲ್ಲೇ. ಹಲ್ಲುನೋವೇನೇ?"

ನಾವು ಎಷ್ಟನೆಯವರಾದೆವು ಎಂಬುದು ನೆನಪಿಲ್ಲ. ಸೋಮವಾರ ಹಾರುಕಾ ಬಿಳಿ ಮಾಸ್ಕಿನಲ್ಲಿ ಬಂದಳು, ಅಜ್ಜಂದಿರು ಹಾಕುವಂಥದ್ದು. ನಾನು ಕ್ಷಮೆ ಕೇಳಿದೆ. ಉಸಿರು ಕಟ್ಟಿತ್ತು, ಕಣ್ಣು ಮಂಜಾಗಿತ್ತು ಎಂದೆ. "ಪರವಾಗಿಲ್ಲ, ನೀವು ಚೆನ್ನಾಗಿ ಓಡಿದಿರಿ," ಎಂದಳು. ಹಿರಿಯರೊಡನೆ ಆಡುವ ಜಪಾನಿಯಲ್ಲಿ. ಅಂದಿನಿಂದ ನನ್ನ ಹೆಸರಿನ ಕೊನೆಯ 'ಚಾನ್' ಹೋಗಿ ಪರಿಚಯವಷ್ಟೇ ಇರುವವರಿಗೆ ಸೇರಿಸುವ 'ಸಾನ್' ಬಂತು, ಹೆಸರೂ ಪೂರ್ತಿ ಉದ್ದಕ್ಕೆ ಬಂತು. ವಸಂತಕ್ಕೆ ಮೊದಲು ಅವಳು ಕ್ಲಬ್ಬು ಬಿಟ್ಟಳು.

ಉಸಿರು ಕಟ್ಟಿದ್ದು ಸುಳ್ಳು. ಅವಳ ಧ್ವನಿ ನನಗೆ ನೂರು ಮೀಟರಿನಿಂದಲೇ ಕೇಳಿಸಿತ್ತು. ಹಾಗೆ ಎರಡಕ್ಷರದಲ್ಲಿ ನನ್ನನ್ನು ಕೂಗುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಅವಳೆಂದು ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ. ನಾನು ಬರೆದುಕೊಂಡಿದ್ದ ಮುಖವನ್ನು ಅವಳು ನನಗೆ ಹಿಂದಿರುಗಿಸಲಿ ಎಂದು ಕೇಳಿದ ಹಾಗಿತ್ತು ಅದು. ತಿರುಗಿ ನೋಡುವವರ ಕಣ್ಣು ಹೇಗಿರುತ್ತದೆಂದು ಬಲ್ಲವಳು ನಾನು. ಆ ಎರಡು ಹೆಜ್ಜೆಯ ದೂರದಲ್ಲಿ ಅದೇ ಕಣ್ಣು ನನಗೆ ಬಂದಿತ್ತು.

ಅದಾದ ಮೇಲೆ ಒಂದು ವಿಚಿತ್ರ ಅಂಟಿಕೊಂಡಿದೆ. ಹಾರುಕಾಳನ್ನು ನೆನೆದರೆ ಆ ಅಗಲ ಮುಖ ಬರುವುದಿಲ್ಲ. ಅದರ ವಿವರಗಳನ್ನು ಪಟ್ಟಿಯಂತೆ ಹೇಳಬಲ್ಲೆ, ಕಾಣಲಾರೆ. ಬರುವುದು ನನ್ನದೇ ಹುಡುಗಿ, ಚೂಪು ಗಲ್ಲದವಳು. ವರ್ಷ ಕಳೆದಂತೆ ಅವಳೂ ಬೆಳೆಯುತ್ತಿದ್ದಾಳೆ. ಈಚೆಗೆ ಲಿಪ್‌ಸ್ಟಿಕ್ ಹಚ್ಚಿಕೊಂಡು ಬರುತ್ತಾಳೆ.

ಮೊನ್ನೆ ಆ ಹುಡುಗಿಯರು ಇಳಿದುಹೋದ ಮೇಲೆ, ಎದುರಿನ ಬಾಗಿಲಿಗೆ ಒರಗಿ ಅವಳು ನಿಂತಿದ್ದಳು. ಸಣ್ಣ ಮೂಗು, ತೆಳು ತುಟಿ. ಒಂದು ಗೆರೆಯೂ ತಪ್ಪಿರಲಿಲ್ಲ. ಕಣ್ಣುಗಳು ಮಾತ್ರ ಬೇರೆ ಯಾರವೋ. ನನಗೆ ಎಷ್ಟು ಸಂತೋಷವಾಯಿತೆಂದರೆ ತಲೆಬಾಗಿ ನಮಸ್ಕರಿಸಿಬಿಟ್ಟೆ. ಅವಳೂ ತಲೆಬಾಗಿ, ಸ್ವಲ್ಪ ಹೊತ್ತು ನನ್ನನ್ನು ದಿಟ್ಟಿಸಿ, "ಸುಮಿಮಾಸೆನ್, ಕ್ಷಮಿಸಿ, ನೀವು ನನ್ನನ್ನು ಬೇರೆ ಯಾರೋ ಅಂದುಕೊಂಡಿರಬೇಕು," ಎಂದಳು.

ಹೌದು ಎಂದೆ. ಆಗ ಹೊಳೆಯಿತು. ಇಷ್ಟು ವರ್ಷ ಈ ರೈಲಿನಲ್ಲಿ ನಾನು ಹುಡುಕುತ್ತಿದ್ದದ್ದು ಇವಳನ್ನೇ. ಇವಳನ್ನು ಹುಡುಕುತ್ತ, ಹಾರುಕಾ ಎಷ್ಟು ಸಲ ನನ್ನ ಎದುರು ನಿಂತಿದ್ದಳೋ, ಎಷ್ಟು ಸಲ ಅವಳನ್ನು ದಾಟಿ ಹೋದೆನೋ.

ರೈಲು ಸುರಂಗದೊಳಗೆ ಇಳಿಯಿತು. ಅವಳ ಮೇಲಿನ ಕಣ್ಣು ಕಿತ್ತು, ಡಬ್ಬಿಯ ಆ ತುದಿಯಿಂದ ಒಬ್ಬೊಬ್ಬರನ್ನೇ ನೋಡತೊಡಗಿದೆ, ಅವಸರವಿಲ್ಲದೆ. ಈ ಸಲ ಬಾಯಿಯಿಂದ ಶುರುಮಾಡಿದೆ.